ತೆಂಗಿನ ಹಿಂಡಿ ತಿನ್ನುವ ಕೋಳಿಗೆ ಮೆಥಿಯೋನಿನ್, ಲೈಸಿನ್ ಪುಡಿ

ಪ್ಯಾಕೆಟ್ ಬಿಡಿಸಿದ ಕೂಡಲೇ ಕೊಳೆತ ಕ್ಯಾಬೇಜಿನ ವಾಸನೆ ಹೊಡೆಯಿತು. ಹಾಳಾದ ಮಾಲು ಅಂದುಕೊಂಡು ವಾಪಸ್ ಕೊಡಲು ಹೊರಟಿದ್ದೆ. ಆಮೇಲೆ ಗೊತ್ತಾಯಿತು, ಮೆಥಿಯೋನಿನ್ ವಾಸನೆಯೇ ಹಾಗೆ. ಮೆಥಿಯೋನಿನ್, ಲೈಸಿನ್ ಅಂದರೆ ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು. ಮೆಥಿಯೋನಿನ್‌ನಲ್ಲಿ ಗಂಧಕ ಇದೆ. ಕೋಳಿಯ ಪುಕ್ಕಕ್ಕೂ ಅದೇ ಬೇಕು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು. ಮನೆಯಲ್ಲಿ ಗ್ರಾಮಶ್ರೀ ತಳಿಯ 35 ಕೋಳಿಗಳಿವೆ. ನಮ್ಮದೇ ಕೊಬ್ಬರಿ ಮಿಲ್ಲಿಗೆ ಹೋಗುತ್ತದೆ, ಹಿಂಡಿ ವಾಪಸ್ ಬರುತ್ತದೆ. ಅದಕ್ಕೆ ತೌಡು, ಜೋಳದ ನುಚ್ಚು ಸೇರಿಸಿ ಹಾಕುತ್ತೇನೆ. ಕಳೆದ ವರ್ಷ ಕೋಳಿಗಳು ಒಂದರ ಪುಕ್ಕ ಒಂದು ಕಿತ್ತು ತಿನ್ನಲು ಶುರು ಮಾಡಿದವು. ಒಂದು ಕೆಂಪು ಹೇಂಟೆಯ ಬೆನ್ನು ಪೂರ್ತಿ ಬೋಳು, ಬಾಲದ ಬುಡದಲ್ಲಿ ರಕ್ತ. ಅದನ್ನು ಬುಟ್ಟಿಯಡಿ ಬೇರೆ ಇಟ್ಟು ದಿನಾ ಅರಿಶಿನ ಹಚ್ಚುತ್ತಿದ್ದೆ. ನೋಡಲು ಆಗುತ್ತಿರಲಿಲ್ಲ.

ಮೃಗಾಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ತೆಂಗಿನ ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ 20ರಷ್ಟು ಇದೆ, ಆದರೆ ಲೈಸಿನ್, ಮೆಥಿಯೋನಿನ್ ಕಡಿಮೆ. ಇವೆರಡನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ನನಗೆ ಅಮ್ಮ ಬೀಡಿ ಕಟ್ಟುತ್ತಿದ್ದದ್ದು ನೆನಪಾಯಿತು. ಮೊರದ ತುಂಬ ಎಲೆ, ಹೊಗೆಸೊಪ್ಪು ಇದ್ದರೂ ನೂಲು ಮುಗಿದ ದಿನ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಈ ಎರಡು ಕಡಿಮೆ ಇದ್ದರೆ ಹಿಂಡಿ ಎಷ್ಟು ಸುರಿದರೂ ಇದೇ ಕಥೆ ಅಲ್ವಾ?

ಡಾಕ್ಟರು ಹೇಳಿದ ಅಳತೆ: 10 ಕೆಜಿ ಆಹಾರಕ್ಕೆ ಮೆಥಿಯೋನಿನ್ 15 ಗ್ರಾಂ, ಲೈಸಿನ್ 20 ಗ್ರಾಂ. ಕೈಯಳತೆ ಬೇಡ, ಚಿಕ್ಕ ತಕ್ಕಡಿ ಬೇಕೇ ಬೇಕು. ಮೆಥಿಯೋನಿನ್ ಜಾಸ್ತಿಯಾದರೆ ಕೋಳಿ ಮೇವು ಬಿಡುತ್ತದೆ. ಮೊದಲ ಸಲ ನಾನು ಪುಡಿಯನ್ನು ಸುಮ್ನೆ ಮೇಲಿಂದ ಉದುರಿಸಿದೆ, ಎಲ್ಲ ತಳಕ್ಕೆ ಇಳಿದಿತ್ತು. ಈಗ ಮೊದಲು ಒಂದು ಹಿಡಿ ತೌಡಿಗೆ ಬೆರೆಸುತ್ತೇನೆ, ಆಮೇಲೆ ಒಂದು ಸೇರಿಗೆ, ಕೊನೆಗೆ ರಾಶಿಗೆ.

ಎರಡು ತಿಂಗಳಲ್ಲಿ ಕೆಂಪು ಹೇಂಟೆಯ ಬೆನ್ನಲ್ಲಿ ತೆಂಗಿನ ಗರಿಯ ಕಡ್ಡಿಯಂಥ ಹೊಸ ಪುಕ್ಕದ ಮೊಳಕೆ ಎದ್ದವು. ಮೊಟ್ಟೆ ತೂಗಿದೆ, ಮೊದಲು 46 ಗ್ರಾಂ ಇದ್ದದ್ದು 50 ದಾಟಿತ್ತು. ಅದೇ ಹೊತ್ತಿಗೆ ಗೂಡನ್ನೂ ದೊಡ್ಡದು ಮಾಡಿದ್ದೆ, ಹಾಗಾಗಿ ಪುಕ್ಕ ಕೀಳುವುದು ನಿಂತದ್ದಕ್ಕೆ ಪುಡಿಯೊಂದೇ ಕಾರಣ ಅಂತ ಹೇಳಲಾರೆ. ಮೊಟ್ಟೆಯ ತೂಕ ಮಾತ್ರ ಪುಡಿಯದ್ದೇ ಅಂತ ನನಗೆ ಅನಿಸುತ್ತದೆ.

ಬೆಲೆ? ನಾನು ಕೊಂಡಾಗ ಒಂದೊಂದು ಕೆಜಿಗೆ ಮೆಥಿಯೋನಿನ್ 620 ರೂಪಾಯಿ, ಲೈಸಿನ್ 260 ಇತ್ತು. ನನ್ನ ಲೆಕ್ಕದಲ್ಲಿ ಎರಡೂ ಸೇರಿ ದಿನಕ್ಕೆ ಐದು ರೂಪಾಯಿ ಆಸುಪಾಸು.

ಬೇಸರ ಇರುವುದು ಪ್ಯಾಕೆಟ್ ಬಗ್ಗೆ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬಿಡಿ, ಮಲಯಾಳದಲ್ಲೂ ಒಂದು ಸಾಲಿಲ್ಲ. ಒಳಗೆ ಅಳತೆ ಚಮಚವೂ ಇಲ್ಲ. ಜುಲೈ ಮಳೆಗೆ ಲೈಸಿನ್ ಗಂಟು ಕಟ್ಟಿತು, ಈಗ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ.

ಮಾರಿದವರು "ದನಕ್ಕೂ ಕೊಡಿ" ಅಂದರು. ಕೊಡಬೇಡಿ. ಈ ಬಿಡಿ ಪುಡಿಯಲ್ಲಿ ಹೆಚ್ಚಿನದನ್ನು ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಒಡೆದು ಮುಗಿಸುತ್ತವೆ. ದನಕ್ಕೆ ಲೇಪ ಕೊಟ್ಟ ಬೇರೆ ಮಾಲು ಬರುತ್ತದೆ, ಅದೂ ಡಾಕ್ಟರನ್ನು ಕೇಳಿಯೇ. ಇನ್ನು ಕಂಪನಿಯ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಸಿದ್ಧ ಆಹಾರ) ಹಾಕುವವರಿಗೆ ಇದರ ಅಗತ್ಯ ಇಲ್ಲ, ಅದರಲ್ಲಿ ಮೊದಲೇ ಸೇರಿಸಿರುತ್ತಾರೆ. ನನ್ನ ಹಾಗೆ ಮನೆಯ ಹಿಂಡಿ ಹಾಕುವವರು ತೆಗೆದುಕೊಳ್ಳಿ, ತಕ್ಕಡಿ ಸಮೇತ.