ನಾಯಿಗೆ ಅಗಿಯಲು ಯಾವುದು: ಹಸಿ ಮೂಳೆಯೋ, ಚರ್ಮದ ಕಡ್ಡಿಯೋ, ರಬ್ಬರ್ ಆಟಿಕೆಯೋ?

ಸಾರಿನಲ್ಲಿ ಬೆಂದ ಮೂಳೆಯನ್ನು ಮೊದಲೇ ಪಕ್ಕಕ್ಕಿಡಿ. ಬೆಂದದ್ದು ಪೆಡಸಾಗಿ ಚೂಪಾಗಿ ಸೀಳುತ್ತದೆ, ಗಂಟಲಿಗೆ ಸಿಕ್ಕುತ್ತದೆ, ಕರುಳನ್ನೂ ಚುಚ್ಚಬಹುದು. ಸಾರಿನ ಈರುಳ್ಳಿ, ಬೆಳ್ಳುಳ್ಳಿಯೂ ನಾಯಿಯ ರಕ್ತಕ್ಕೆ ಕೇಡು.

ಖರ್ಚಿನಲ್ಲಿ ಹಸಿ ಮೂಳೆಯೇ ಅಗ್ಗ. ರಬ್ಬರ್ ಆಟಿಕೆಗೆ ಒಮ್ಮೆ ಹೆಚ್ಚು ದುಡ್ಡು, ಆಮೇಲೆ ತಿಂಗಳುಗಟ್ಟಲೆ ಬಾಳಿಕೆ.

ಹಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಹಸಿ ಮೂಳೆ ಚೂರಾಗುವುದು ಕಡಿಮೆ, ಆಗುವುದೇ ಇಲ್ಲವೆಂದಲ್ಲ. ದೊಡ್ಡ ಪ್ರಾಣಿಯ ತೊಡೆಮೂಳೆಯಂತೂ ಮೇಲ್ದವಡೆಯ ದೊಡ್ಡ ಹಲ್ಲನ್ನೇ ಸೀಳಿಬಿಡಬಲ್ಲದು. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದ ವಸ್ತು ನಾಯಿಯ ಹಲ್ಲಿಗೂ ಗಟ್ಟಿಯೇ. ಉಂಗುರದಂತೆ ಕತ್ತರಿಸಿದ ನಳಿಕೆ ಮೂಳೆ ಬೇಡ, ಕೆಳದವಡೆಗೆ ಸಿಕ್ಕಿಕೊಳ್ಳುತ್ತದೆ.

ಚರ್ಮದ ಕಡ್ಡಿ ಮೂಳೆಗಿಂತ ಮೃದು. ಆದರೆ ತುಂಡು ನುಂಗಿದರೆ ಹೊಟ್ಟೆಯಲ್ಲಿ ಉಬ್ಬಿ ಕರುಳು ಕಟ್ಟಬಹುದು.

ಶುಚಿತ್ವದಲ್ಲಿ ಹಸಿ ಮೂಳೆ ಹಿಂದೆ: ಸಾಲ್ಮೊನೆಲ್ಲಾದಂಥ ರೋಗಾಣು ನೆಲಕ್ಕೂ ಕೈಗೂ ಅಂಟುತ್ತದೆ. ಅಂಬೆಗಾಲಿಡುವ ಮಗುವಿರುವ ಮನೆಗೆ ರಬ್ಬರ್ ಲೇಸು. ಟೊಳ್ಳು ಆಟಿಕೆಯ ಒಳಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟರೆ ನಾಯಿ ಬಹಳ ಹೊತ್ತು ನೆಕ್ಕುತ್ತಿರುತ್ತದೆ. ಒಂಟಿಯಾಗಿ ಬಿಟ್ಟು ಹೋಗುವಾಗಲೂ ಇದೇ ಸರಿ, ಕಚ್ಚಿ ತುಂಡು ಕೀಳುವ ನಾಯಿಯಲ್ಲದಿದ್ದರೆ.

ನಿಧಾನವಾಗಿ ಅಗಿಯುವ ನಾಯಿ, ಪಕ್ಕದಲ್ಲಿ ಕೂರಲು ಪುರುಸೊತ್ತು ಎರಡೂ ಇದ್ದರೆ ಅದರ ಬಾಯಿಗಿಂತ ದೊಡ್ಡದಾದ ಹಸಿ ಕೀಲುಮೂಳೆ ಕೊಡಬಹುದು. 10–15 ನಿಮಿಷಕ್ಕೆ ವಾಪಸ್ ತೆಗೆದುಕೊಳ್ಳಿ. ಮಜ್ಜೆಯ ಕೊಬ್ಬು ಹೆಚ್ಚಾದರೆ ಭೇದಿ ಖಂಡಿತ ಎಂದೇ ಇಟ್ಟುಕೊಳ್ಳಿ. ಮೇದೋಜೀರಕದ (ಕೊಬ್ಬು ಅರಗಿಸುವ ರಸ ಕೊಡುವ ಗ್ರಂಥಿಯ) ಉರಿಯೂತ ಬಂದಿದ್ದ ನಾಯಿಗೆ ಮೂಳೆ ತೋರಿಸಲೂ ಬೇಡಿ.