ಹಳೆ ಎಸ್‌ಯುವಿಗೆ ಮೊದಲು ಯಾವುದು: ಸ್ಕ್ಯಾನರ್ರಾ, ಮಲ್ಟಿಮೀಟರ್ರಾ?

ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ಕೊನೆಗೆ ಎರಡೂ ಬೇಕಾಗುತ್ತವೆ: ಗಾಡಿಯ ಕಂಪ್ಯೂಟರ್‌ನಿಂದ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ರೂ, ವೋಲ್ಟ್ ಅಳೆಯುವ ಮಲ್ಟಿಮೀಟರ್ರೂ. ಮೊದಲು ಯಾವುದು ಅನ್ನೋದೇ ಪ್ರಶ್ನೆ.

ಓಬಿಡಿ ಸ್ಕ್ಯಾನರ್ ಸುಲಭ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಕೋಡ್ ಬರುತ್ತದೆ. ಆದರೆ ಕೋಡ್ ಹೇಳುವುದು ಲಕ್ಷಣವನ್ನು, ಕೆಟ್ಟ ಭಾಗವನ್ನಲ್ಲ. ಪಿ0171 ಅಂದರೆ ಇಂಧನಕ್ಕಿಂತ ಗಾಳಿಯ ಪಾಲು ಜಾಸ್ತಿಯಾಗಿದೆ ಅಂತ ಅಷ್ಟೇ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಇರಬಹುದು, ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ ಇರಬಹುದು, ಸೋತ ಫ್ಯೂಯಲ್ ಪಂಪೂ ಇರಬಹುದು. ಕೋಡ್ ನೋಡಿ ಸುಮ್ನೆ, ಈ ಪಾಲಿನ ಸುದ್ದಿ ಕೊಡುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರೆ ದುಡ್ಡು ದಂಡ.

ಮಲ್ಟಿಮೀಟರ್‌ಗೆ ಕೆಲಸ ಕಲಿಯಬೇಕು, ನಿಜ. ಆದರೆ ಹಳೆ ಗಾಡಿಯ ಕಾಟ ಹೆಚ್ಚಾಗಿ ವೈರಿನಲ್ಲೇ ಅಲ್ವಾ? ರಾತ್ರಿಯಿಡೀ ನಿಂತ ಒಳ್ಳೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ಏರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿ. ಬ್ಯಾಟರಿಯ ಮೈನಸ್‌ಗೊಂದು, ಎಂಜಿನ್ ಲೋಹಕ್ಕೊಂದು ತುದಿ ಇಟ್ಟು ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರ್ ತುಕ್ಕು ಹಿಡಿದಿರಬಹುದು, ಬೋಲ್ಟ್ ಸಡಿಲವಾಗಿರಬಹುದು.

ಚೆಕ್ ಎಂಜಿನ್ ದೀಪ ಈಗಾಗಲೇ ಉರಿಯುತ್ತಿದ್ದರೆ ಸ್ಕ್ಯಾನರ್ ತಗೊಳ್ಳಿ, ಲೈವ್ ಡೇಟಾ (ಎಂಜಿನ್ ಓಡುವಾಗಲೇ ಸೆನ್ಸರ್‌ಗಳ ಅಳತೆ) ತೋರಿಸುವಂಥದ್ದೇ ಇರಲಿ. ಇಲ್ಲವಾದರೆ ನನ್ನ ಓಟು ಮಲ್ಟಿಮೀಟರ್‌ಗೆ.