ಆ್ಯಂಟಿ-ಸ್ಟ್ಯಾಟಿಕ್ ಚಾಪೆಗೆ ನಾಲ್ಕು ನಕ್ಷತ್ರ, ಕೈಪಟ್ಟಿಗೆ ಎರಡೇ

ಸಾಗರದಲ್ಲಿ ಟಿವಿ, ಇನ್ವರ್ಟರ್ ಬೋರ್ಡ್ ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ನೀಲಿ ಚಾಪೆಯನ್ನೂ ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನೂ ಒಟ್ಟಿಗೆ ತರಿಸಿ ಮೂರು ವರ್ಷವಾಯಿತು. ಮೈಮೇಲೆ ಕೂಡುವ ಸ್ಟ್ಯಾಟಿಕ್ ಚಾರ್ಜನ್ನು ವೈರಿನ ಮೂಲಕ ಅರ್ಥಿಂಗ್‌ಗೆ ಇಳಿಸಿ ಬೋರ್ಡ್ ಕಾಯುವುದು ಇವೆರಡರ ಕೆಲಸ.

ಆಷಾಢದಲ್ಲಿ ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಊರಿಗೆ ಇದೆಲ್ಲ ಏಕೆ ಎಂದು ನಾನೂ ಅಂದುಕೊಂಡಿದ್ದೆ. ತೇವವಿದ್ದಾಗ ಮೈಮೇಲೆ ಚಾರ್ಜ್ ಅಷ್ಟಾಗಿ ನಿಲ್ಲುವುದಿಲ್ಲ, ನಿಜ. ಆದರೆ ಶಿವರಾತ್ರಿಯ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಷಟರ್ ಮುಟ್ಟಿದರೆ ಚಟ್ ಎನ್ನುತ್ತದೆ. ಆ ಕಿಡಿ ಬೆರಳಿಗೆ ತಿಳಿಯಲು ಸುಮಾರು 3,000 ವೋಲ್ಟ್ ಬೇಕು. ಕೆಲವು ಮಾಸ್‌ಫೆಟ್‌ಗಳ (ಬೋರ್ಡಿನಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳ) ಗೇಟ್ ಕೆಡಲು 100 ವೋಲ್ಟ್ ಕೂಡ ಬೇಡ. ಪೆಟ್ಟು ತಿಂದ ಬೋರ್ಡ್ ಅಂದೇ ಸಾಯದೆ, ಗಿರಾಕಿಯ ಮನೆಗೆ ಹೋಗಿ ತಿಂಗಳಾದ ಮೇಲೆ ವಾಪಸು ಬರುವುದೂ ಉಂಟು.

ಚಾಪೆಯ ಮೇಲೆ ಬೆಸುಗೆಯ ಹನಿ ಬಿದ್ದ ಕಲೆಗಳಿವೆ, ಅಷ್ಟೇ. ಬೆಸುಗೆಗೆ ಹಚ್ಚುವ ಫ್ಲಕ್ಸ್ ಮೆತ್ತಿಕೊಂಡಾಗ ಸೋಪಿನ ನೀರಲ್ಲಿ ಒರೆಸುತ್ತೇನೆ. ಜಿಡ್ಡು ಕಟ್ಟಿದರೆ ಚಾಪೆ ಇದ್ದೂ ಇಲ್ಲದಂತೆ.

ತಕರಾರು ಇರುವುದು ಪಟ್ಟಿಯ ವೈರಿನ ಮೇಲೆ. ಎಂಟನೇ ತಿಂಗಳಲ್ಲಿ ಒಮ್ಮೆ ಸುಮ್ಮನೆ ಮಲ್ಟಿಮೀಟರ್ ಹಿಡಿದೆ. ಪಟ್ಟಿಯ ವೈರಿನೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಕೈ ತಪ್ಪಿ ಕರೆಂಟ್ ಮುಟ್ಟಿದರೆ ಪಟ್ಟಿಯ ಮೂಲಕ ಹೆಚ್ಚು ಹರಿಯದಿರಲಿ ಎಂದು. ಮೀಟರ್ ಏನನ್ನೂ ತೋರಿಸಲಿಲ್ಲ. ಹೊರಗೆ ನೆಟ್ಟಗಿದ್ದ ವೈರ್ ಪಿನ್ನಿನ ಬುಡದಲ್ಲಿ ಒಳಗೊಳಗೇ ತುಂಡಾಗಿತ್ತು. ಎಷ್ಟು ದಿನದಿಂದ ನಾನು ಬರೀ ರಾಖಿ ಕಟ್ಟಿಕೊಂಡು ಕೂತಿದ್ದೆನೋ! ಈಗಿನದು ಮೂರನೆಯ ವೈರ್. ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಕೂಡಲೇ ಅದನ್ನು ಅಳೆಯುತ್ತೇನೆ. ಕರೆಂಟ್ ಇರುವ ಬೋರ್ಡ್ ಪರೀಕ್ಷಿಸುವಾಗ ಮಾತ್ರ ಪಟ್ಟಿ ಬಿಚ್ಚಿಡುತ್ತೇನೆ.

ಜೊತೆಗೆ ಬಂದ ಗುಲಾಬಿ ಕವರ್‌ಗಳನ್ನು ನಂಬಬೇಡಿ. ಅವು ತಾವು ಚಾರ್ಜ್ ಆಗುವುದು ಕಡಿಮೆ, ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಐಸಿ (ಚಿಪ್) ಇಡಲು ಬೆಳ್ಳಿ ಬಣ್ಣದ ಶೀಲ್ಡಿಂಗ್ ಕವರ್ ಬೇರೆಯೇ ತರಿಸಿದೆ.

ಸಿಡಿಲಿಗೂ ಇದು ಆಗುತ್ತದೆಯೇ ಎಂದು ಕೇಳುವವರಿಗೆ: ಇಲ್ಲ ಸ್ವಾಮಿ, ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಕಿತ್ತಿಡಿ.

ಕೊಳ್ಳುವ ಮುಂಚೆ ಅರ್ಥಿಂಗ್ ನೋಡಿಸಿ. ನಮ್ಮ ಅಂಗಡಿಯದು ಹೆಸರಿಗಷ್ಟೇ ಇತ್ತು; ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಸಬೇಕಾಯಿತು, ಖರ್ಚು ಚಾಪೆಗಿಂತ ಹೆಚ್ಚು. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗುತ್ತದೆ. ಯುಗಾದಿಯಿಂದ ಮಳೆ ಹಿಡಿಯುವವರೆಗೆ ದಿನಕ್ಕೊಂದು ಕೊಡ ನೀರು ಆ ಗುಂಡಿಗೆ, ಉಳಿದರೆ ತುಳಸಿಗೆ.